ಕೈಗೂ ಕ್ಷೌರ

ಊರವರ ಗಡ್ಡವೆಲ್ಲ ಹೆರೆಯುವ ಮನುಷ್ಯ ದಿನಾ ಬೆಳಗ್ಗೆ ಬಾಗಿಲು ಹಾಕಿಕೊಂಡು ತನ್ನ ಕೈಗೇ ಕ್ಷೌರ ಮಾಡಿಸಿಕೊಳ್ಳುತ್ತಿದ್ದ ಎಂದರೆ ಯಾರಾದರೂ ನಂಬುತ್ತಾರೆಯೇ? ಮಾಡುತ್ತಿದ್ದವಳು ಹೆಂಡತಿ. ಬಲಗೈ ನೋಡಿ, ಎಡಗೈಯಲ್ಲಿ ಕತ್ತಿ ಅವನಿಗೆ ಒಗ್ಗದು.

ವ್ಯಾನು ಮಗುಚಿ ಆ ಕೈಯ ಮೇಲಿನ ಚರ್ಮವೆಲ್ಲ ಸುಲಿದು ಮೂಳೆ ಕಂಡಿತ್ತು. ಡಾಕ್ಟರು ತೊಡೆಸಂದಿಯ ಹತ್ತಿರದ ಚರ್ಮವನ್ನು ಕೊಬ್ಬಿನ ಸಮೇತ ಎಬ್ಬಿಸಿ, ಒಂದು ತುದಿಯನ್ನು ಅಲ್ಲೇ ಬಿಟ್ಟು, ಇನ್ನೊಂದನ್ನು ಗಾಯಕ್ಕೆ ಹೊಲಿದರು. ಅದು ಕೈಯ ರಕ್ತಕ್ಕೆ ಒಗ್ಗುವ ತನಕ ಮೂರು ವಾರ ಜೇಬಿನಲ್ಲಿ ಕೈ ಇಟ್ಟವನ ಹಾಗೆ ಬಿದ್ದಿದ್ದ. ಆಮೇಲೆ ಕತ್ತರಿಸಿ ಬಿಡಿಸಿದರು. ಈ ಪುಣ್ಯಾತ್ಮ ಮಾತ್ರ ಕೈ ಉಳಿಯಿತು, ಮಾನ ಹೋಯಿತು ಎಂದು ಕುಗ್ಗಿಹೋದ. ಅಂಥ ಜಾಗದ ಚರ್ಮ, ಅದರ ಮೇಲೆ ಅಂಥ ಜಾಗದ್ದೇ ಕೂದಲು! ಗೊತ್ತಾದರೆ ಯಾರು ಕೆನ್ನೆ ಕೊಟ್ಟಾರು? ಗಿರಾಕಿಗಳಿಗೆಲ್ಲ "ತೊಡೆಯದು" ಅಂತ ಸುಳ್ಳು ಬಿಟ್ಟ.

ಅವತ್ತು ಕುರ್ಚಿಯಲ್ಲಿ ಮೇಷ್ಟ್ರು. ಟವೆಲ್ಲನ್ನೂ ಮನೆಯಿಂದಲೇ ತರುವ ಆಸಾಮಿ. ಅರ್ಧ ಮುಖ ಆಗಿತ್ತು. ಊಟದ ಡಬ್ಬಿ ತಂದ ಹೆಂಡತಿಯನ್ನು ಕಂಡು, "ಗಂಡನ ಕೈ ಚೆನ್ನಾಗಿ ಕೂಡ್ಕೊಂಡಿದೆಯಲ್ಲಮ್ಮ," ಅಂದರು.

"ಹೂಂ ಮೇಷ್ಟ್ರೇ, ತೊಡೆಸಂದಿದು ಅಂದ್ರೆ ಯಾರೂ ನಂಬಲ್ಲ!" ಅಂದಳು ಅವಳು, ಹೆಮ್ಮೆಯಿಂದ.

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಇವನಿಗೆ. "ಬಾಯ್ಮುಚ್ಚೇ, ನಾಚಿಕೆಗೆಟ್ಟೋಳೇ! ನಡಿ ಮನೆಗೆ!"

ಅವಳು ಡಬ್ಬಿ ಇಟ್ಟು ಹೊರಟುಹೋದಳು.

ಇವನು ತಲೆ ತಗ್ಗಿಸಿ, ಅದೇ ಅಂಗಡಿಯಲ್ಲಿ ಪಕ್ಕದ ಕುರ್ಚಿ ನೋಡಿಕೊಳ್ಳುವ ತನ್ನ ಅಣ್ಣನನ್ನು ತೋರಿಸಿದ. "ಉಳಿದಿದ್ದು ಅವನ ಹತ್ರ ಮಾಡಿಸ್ಕೊಳ್ಳಿ, ಮೇಷ್ಟ್ರೇ."

"ಅವನ ಕೈ ಎಲ್ಲೆಲ್ಲಿ ಕೆರ್ಕೊಂಡು ಬಂದಿದೆಯೋ! ನಿಂದಾದ್ರೂ ಡಾಕ್ಟ್ರು ತೊಳೆದು ಕೊಟ್ಟಿದ್ದು. ಹೆರಿಯಪ್ಪ, ನೊರೆ ಒಣಗ್ತಿದೆ," ಅಂದರು ಮೇಷ್ಟ್ರು. ಅಣ್ಣ ನಕ್ಕ. ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಮೆಲ್ಲಗೆ, "ನಾಚಿಕೆಗೆಟ್ಟೋಳು ಅಂದ್ಯಲ್ಲ, ಅದೊಂದು ಸರಿಯಿಲ್ಲ ಕಣೋ," ಅಂದರು.

ಆ ಮಾತು ಚುರುಕ್ಕೆಂದಿತು. ಆಸ್ಪತ್ರೆಯಲ್ಲಿ ಮಂಚದ ಪಕ್ಕ ನೆಲದ ಮೇಲೆ ಮಲಗಿ, ತುತ್ತಿಟ್ಟು, ಇವನ ಹೇಸಿಗೆಯೆಲ್ಲ ಬಳಿದವಳು ಒಮ್ಮೆಯೂ ಮೂಗು ಮುರಿದಿರಲಿಲ್ಲ. ಅವಳಿಗೆ ಜನರ ಮುಂದೆ ಕೊಟ್ಟ ಬಿರುದು ಇದು! ಕೈಯ ನಾಚಿಕೆ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಮರುದಿನ ಬೆಳಗ್ಗೆ ಅವಳು ಕತ್ತಿ, ಸೋಪು ತಂದಿಟ್ಟು, ಎಂದಿನಂತೆ ಬಾಗಿಲು ಹಾಕಲು ಹೋದಳು.

"ಹಾಕ್ಬೇಡ," ಅಂದ. ಬೀದಿಯ ಮೆಟ್ಟಿಲ ಮೇಲೆ ಹೋಗಿ ಕೂತು ಕೈ ಚಾಚಿದ.

ಹಾಲಿನವನು ಸೈಕಲ್ ನಿಲ್ಲಿಸಿದ. "ಏನಣ್ಣಾ, ಕೈಗೂ ಗಡ್ಡ ಬಂತಾ?"

"ಬಂತಪ್ಪ. ತೊಡೆಸಂದಿ ಚರ್ಮ ಇದು." ಇವನ ಕಿವಿಯೆಲ್ಲ ಬಿಸಿಯಾಯಿತು. "ಕೈ ಉಳಿದಿದ್ದು ಇವಳಿಂದ."

ಅವಳು ತಲೆ ಎತ್ತಲಿಲ್ಲ. "ಅಲ್ಲಾಡ್ಬೇಡಿ, ಕೊಯ್ದೀತು," ಅಂದು ನೊರೆ ಹಚ್ಚಿದಳು.