ಸಂದೇಶ ನೋಡುವ ಹೊತ್ತು

ಚಿಕ್ಕವೆಂಕಟಮ್ಮನ ಧ್ವನಿಸಂದೇಶವನ್ನು ಯಾಮಿನಿ ಎರಡನೇ ಸಲ ಕೇಳಿದಳು.

"ಯಾಮಿನಮ್ಮ, ಪಕ್ಕದ ತೋಟದೋರು ನಿನ್ನೆ ಟೊಮೊಟೊಗೆ ಔಷ್ದಿ ಹೊಡ್ದವ್ರೆ. ಗಾಳಿ ನಮ್ ಕಡೀಕೇ ಇತ್ತು. ಸೊಪ್ಪು ಒಂಥರಾ ವಾಸ್ನೆ ಬರ್ತೈತೆ. ಹುಳಕ್ಕೆ ಹಾಕ್ಬೋದೇನಮ್ಮ?"

ಸಂದೇಶ ಬೆಳಗಿನದು. ಈಗ ಸಂಜೆ ನಾಲ್ಕು ದಾಟಿತ್ತು. ಯಾಮಿನಿ ಫೋನ್ ಮಾಡಿದಳು. ಯಾರೂ ಎತ್ತಲಿಲ್ಲ. ಮಿಕ್ಕ ಸಂದೇಶಗಳನ್ನು ನೋಡದೆ ಸ್ಕೂಟರ್ ಹತ್ತಿ ಸಾದಲಿ ರಸ್ತೆ ಹಿಡಿದಳು.

ಶಿಡ್ಲಘಟ್ಟದ ಆಚೆ ಒಂದು ಚಾಕಿ ಕೇಂದ್ರದಲ್ಲಿ ಅವಳಿಗೆ ಕೆಲಸ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೇ ಜ್ವರದವರೆಗೆ, ಅಂದರೆ ಎರಡನೇ ಸಲ ಪೊರೆ ಕಳಚುವವರೆಗೆ, ಸಾಕಿ ರೈತರಿಗೆ ಕೊಡುವುದು, ಅವು ಗೂಡು ಕಟ್ಟುವವರೆಗೂ ಸಲಹೆ ಹೇಳುವುದು. ಹಳ್ಳಿಗೊಂದು ವಾಟ್ಸಾಪ್ ಗುಂಪಿತ್ತು. ಗೂಡಿನ ಧಾರಣೆ, ಶುಭೋದಯದ ಹೂವು, ಯಾರದೋ ಮಗಳ ಆರತಕ್ಷತೆ, ಸುಣ್ಣಕಟ್ಟು ರೋಗದ ಮಸುಕು ಫೋಟೊ, ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತಿದ್ದವು. ಉತ್ತರ ಕೊಡುತ್ತ ನಿಂತು ಒಮ್ಮೆ ಚಾಕಿ ಕೋಣೆಯ ತೇವ ನೋಡುವುದನ್ನೇ ಮರೆತಿದ್ದಳು. ಒಂದು ಇಡೀ ತಂಡದ ಮರಿಹುಳುಗಳು ಒಣಗಿ ಸತ್ತಿದ್ದವು. ಆಮೇಲೆ ಅವಳೇ ಒಂದು ಕ್ರಮ ಮಾಡಿಕೊಂಡಳು. ಫೋನಿನ ಸದ್ದು ಬಂದ್. ಸಂದೇಶ ನೋಡುವುದು ಸಂಜೆ ನಾಲ್ಕಕ್ಕೆ. ತುರ್ತಿದ್ದರೆ ಮಾತ್ರ ಕರೆ ಮಾಡಿ ಎಂದು ಪ್ರತಿ ಗುಂಪಿನಲ್ಲೂ ಬರೆದಳು. ಕೆಲಸ ಹದಕ್ಕೆ ಬಂತು. ಮಾಲೀಕ ರಮೇಶ್‌ಬಾಬು ಉಳಿದವರ ಮುಂದೆ ಅವಳನ್ನು ಹೊಗಳಿದ್ದ. ಬಹಳ ದಿನಗಳ ಮೇಲೆ ಒಳ್ಳೆಯ ನಿದ್ದೆಯೂ ಬರತೊಡಗಿತ್ತು.

ಚಿಕ್ಕವೆಂಕಟಮ್ಮನ ಹುಳುಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಸದ್ದಿರಲಿಲ್ಲ. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಿದ್ದ ಹುಳುಗಳು ಸೊಪ್ಪಿನ ಮೇಲೆ ಮುದುಡಿ ಬಿದ್ದಿದ್ದವು. ಕೆಲವು ತಲೆಯೆತ್ತಿ ಅತ್ತಿತ್ತ ಹೊಯ್ದಾಡುತ್ತ ಬಾಯಿಂದ ಹಸಿರು ನೀರು ಕಾರುತ್ತಿದ್ದವು. ಯಾಮಿನಿ ಒಂದನ್ನು ಅಂಗೈಗೆ ತೆಗೆದುಕೊಂಡಳು. ಪುಸ್ತಕದಲ್ಲಿ ಓದಿದ ಕೀಟನಾಶಕದ ವಿಷದ ಲಕ್ಷಣಗಳೆಲ್ಲ ಅದರಲ್ಲಿದ್ದವು. ಇನ್ನು ಬೇರೆ ಸೊಪ್ಪು ಹಾಕಿದರೂ ಉಪಯೋಗವಿರಲಿಲ್ಲ.

ಚಿಕ್ಕವೆಂಕಟಮ್ಮ ಗೋಡೆಗೊರಗಿ ಕೂತಿದ್ದಳು. ಬಿಸಿಲೇರುವವರೆಗೂ ಕಾದೆ ಎಂದಳು. ಹುಳು ಹಸಿದು ಹಾಸಿನ ಅಂಚಿಗೆ ಹರಿದು ಬರತೊಡಗಿದಾಗ ನೋಡಲಾಗದೆ ಸೊಪ್ಪು ಹಾಕಿದಳಂತೆ.

"ಒಂದ್ ಫೋನ್ ಮಾಡ್ಬಾರ್ದಿತ್ತಾ?" ಎಂದಳು ಯಾಮಿನಿ.

"ತುರ್ತು ಅಂದ್ರೆ ಹುಳಕ್ಕೆ ರೋಗ ಬಂದ್ರೆ ಅನ್ಕೊಂಡೆ ಕಣಮ್ಮ. ಹುಳ ಚೆನ್ನಾಗೇ ಇತ್ತಲ್ಲ. ನೀವು ಕೆಲ್ಸದಲ್ಲಿರ್ತೀರ. ನಾಲ್ಕಕ್ಕೆ ನೋಡೇ ನೋಡ್ತೀರ ಅಂತ ಗೊತ್ತಿತ್ತು."

ಸೊಸೆ ಭಾನುಪ್ರಿಯಾ ಬುಟ್ಟಿಗೆ ಹುಳು ಗೋರುತ್ತಿದ್ದಳು. ತಲೆ ಎತ್ತಲಿಲ್ಲ. "ನಾನು ಬಡ್ಕೊಂಡೆ, ಫೋನ್ ಮಾಡಿ ಅತ್ತೆ ಅಂತ. ಮೇಡಂಗೆ ತೊಂದ್ರೆ ಆಗ್ತದಂತೆ. ಹುಳಕ್ಕೂ ಒಂದು ಟೈಮ್ ಹೇಳ್ಕೊಟ್ಟು ಹೋಗಿ ಮೇಡಂ, ನಾಲ್ಕು ಗಂಟೆವರೆಗೂ ಉಪವಾಸ ಇರ್ತಾವೆ."

"ಸುಮ್ನಿರೇ," ಎಂದಳು ಅತ್ತೆ. "ಏಂ ಚೇಸ್ತಾಮು, ಏನ್ ಮಾಡಾಕಾಯ್ತದೆ. ಅವ್ರೇನು ಬೇಕಂತ ಮಾಡಿದ್ರಾ."

ಯಾಮಿನಿ ಬಾಗಿಲಾಚೆಯ ಹಿಪ್ಪುನೇರಳೆ ತೋಟ ನೋಡಿದಳು. ಇಷ್ಟು ಹುಳುವಿಗೆ ನಾಲ್ಕು ಸಾಲಷ್ಟೇ ಕೊಯ್ದಿರಬೇಕಿತ್ತು. ಅರ್ಧ ತೋಟವೇ ಬೋಳಾಗಿತ್ತು. ಉಳಿದ ಸೊಪ್ಪೆಲ್ಲಿ ಎಂದು ಕೇಳಿದಳು.

ಅದೇ ಊರಿನಲ್ಲಿ ಹುಳು ಸಾಕುವ ಮುನಿಶಾಮಿಗೆ ಸೊಪ್ಪು ಸಾಲದಾಗಿತ್ತಂತೆ. ಹುಳು ಮಂಕಾಗುವ ಮೊದಲೇ ಮೂರು ಹೊರೆ ಕೊಯ್ದುಕೊಂಡು ಹೋಗಿದ್ದನಂತೆ. ಹೇಳುತ್ತ ಹೇಳುತ್ತ ಚಿಕ್ಕವೆಂಕಟಮ್ಮ ಎದ್ದು ನಿಂತಳು.

ಮುನಿಶಾಮಿಯ ಫೋನ್ ಸ್ವಿಚ್ ಆಫ್ ಆಗಿತ್ತು. ಆ ಸೊಪ್ಪು ಹಾಕಬೇಡಿ ಎಂದು ಯಾಮಿನಿ ಊರಿನ ಗುಂಪಿಗೆ ಬರೆದಳು. ಯಾರೂ ಗಮನಿಸಲಿಲ್ಲ. ಅಷ್ಟರಲ್ಲಿ ಯಾರೋ ಚಿಂತಾಮಣಿಯ ಟೊಮೊಟೊ ರೇಟು ಕಳಿಸಿದರು, ಇನ್ಯಾರೋ ಅದಕ್ಕೆ ಕೈ ಮುಗಿದರು. ಅವಳ ಸಾಲು ಮೇಲಕ್ಕೆ ಸರಿದು ಹೋಯಿತು. ಅವಳು ಬದುವಿನ ಮೇಲೆ ಓಡತೊಡಗಿದಳು. ಕೊಯ್ದ ಕಡ್ಡಿಗಳ ಮೊನೆಗಳು ಕಾಲಿಗೆ ಗೀರುತ್ತಿದ್ದವು.

ಮುನಿಶಾಮಿ ಅಂಗಳದಲ್ಲಿ ಕೈ ತೊಳೆಯುತ್ತಿದ್ದ. ಅವಳನ್ನು ಕಂಡು ನಕ್ಕ.

"ಬನ್ನಿ ಮೇಡಂ. ಸರಿಯಾದ ಟೈಮ್‌ಗೆ ಬಂದ್ರಿ. ಸೊಪ್ಪು ಹಾಕಿ ಈಗ ಈಚೆಗೆ ಬಂದೆ. ಎಷ್ಟ್ ಚೆನ್ನಾಗಿ ತಿಂತಾವೆ, ಕೇಳಿಸ್ಕೊಳ್ಳಿ."

ಅವನು ನಲ್ಲಿ ನಿಲ್ಲಿಸಿದ. ಜಾಲರಿ ಬಾಗಿಲಿನ ಆಚೆ, ಅರೆಗತ್ತಲಲ್ಲಿ, ಸಾವಿರಾರು ಬಾಯಿಗಳು ಎಲೆ ಮೇಯುವ ಸಣ್ಣ ಸದ್ದು ಒಂದೇ ಸಮನೆ ಕೇಳುತ್ತಿತ್ತು.