ಪಡುವಲಿಗೆ ದಂಡೆಯವರೆಗೆ

ಕೊಳಗ ಬಿತ್ತು, ಇಲ್ಲ, ತಟ್ಟೆಗಳ ಸಾಲು, ಕೊಳಗವಾದರೆ ಇಷ್ಟು ಹೊತ್ತು ಸದ್ದು ಮಾಡುವುದಿಲ್ಲ — ಚನ್ನರಾಯಪಟ್ಟಣದ ಈ ಪಾತ್ರೆ ಅಂಗಡಿಯ ಮೇಲಿನ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕೆಳಗೆ ಏನು ಬಿತ್ತೆಂದು ಒಲೆಯ ಮುಂದೆ ನಿಂತೇ ಹೇಳಬಲ್ಲೆ, ಇವತ್ತು ಇವರ ಕೈ ನೆಟ್ಟಗಿಲ್ಲ, ಗಿರಾಕಿಯ ಕಡೆ ಅರ್ಧ ಕಣ್ಣು, ಫೋನಿನ ಕಡೆ ಒಂದೂವರೆ ಕಣ್ಣು, ಕೊಚ್ಚಿಯಿಂದ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ಟು ಇವತ್ತು ಸಂಜೆ ಬಿಡುತ್ತಾರಂತೆ, ಹತ್ತಿ ಮಲಗಿದರೆ ರಾತ್ರಿಯೆಲ್ಲ ನೀರಿನ ಮೇಲೆ, ಎದ್ದರೆ ತ್ರಿಷಾಳ ಊರು, ನಮ್ಮ ಒಬ್ಬಳೇ ಮಗಳು, ಲಕ್ಷದ್ವೀಪದ ಹವಾಮಾನ ಕಚೇರಿಯಲ್ಲಿ ಮುಗಿಲು ನೋಡುವ ಕೆಲಸ, ಮುಗಿಲ್ ನೋಡಕ್ಕೂ ಸಂಬ್ಳ ಕೊಡ್ತಾರಾ ಅಮ್ಮ ಅಂತ ದುದ್ದದಿಂದ ಬೆಣ್ಣೆ ತರುವ ನೀಲಗಂಗಮ್ಮ ಕೇಳಿದ್ದಳು, ನಗು ಬಂತು, ಈಗಲೂ ಬರುತ್ತದೆ — ಪದ್ದೂ, ನಿನ್ ಆಧಾರ್ ಕಾರ್ಡ್ ತಗಂಡ್ ಬಾ, ಮೆಟ್ಟಿಲ ಬುಡದಿಂದ ಇವರ ಕೂಗು, ಬಂದೆ ಎಂದೆ, ಬೀರು ತೆಗೆದೆ, ಕಾರ್ಡು ಕೈಯಲ್ಲಿದೆ, ಕಾಲು ಮಾತ್ರ ಮೆಟ್ಟಿಲ ಕಡೆ ಹೋಗುತ್ತಿಲ್ಲ.

ಎಂಥ ಮನುಷ್ಯ, ಊರಿಗೆಲ್ಲ ವೃಷಭರಾಜಣ್ಣ, ಅರಕಲಗೂಡಿಗೆ ಮದುವೆಗೆ ಹೋದರೂ ತಮ್ಮ ದಿಂಬೇ ಬೇಕೆಂದು ಅವತ್ತೇ ಬಸ್ಸು ಹತ್ತಿ ಬರುವವರು, ಮಗಳು ಅಪ್ಪಾ ಅಮ್ಮನ್ನ ಕರ್ಕೊಂಡು ಬನ್ನಿ ಎಂದದ್ದೇ ತಡ, ನೆಲದ ಮೇಲೆ ಕಾಲು ನಿಲ್ಲುತ್ತಿಲ್ಲ, ಹಡಗಿನ ಕಿರುಮಂಚ ಅಭ್ಯಾಸವಾಗಲಿ ಎಂದು ಮಧ್ಯಾಹ್ನ ಅಂಗಡಿಯ ಬೆಂಚಿನ ಮೇಲೆ ಮಲಗಿ ಉರುಳಿದರು, ಬಿಂದಿಗೆಯ ಸಾಲನ್ನು ಜೊತೆಗೇ ಎಳೆದುಕೊಂಡರು, ಹಡಗಿನಲ್ಲಿ ಊಟ ಕೊಡುವುದು ಕತ್ತಲಾದ ಮೇಲೆ, ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣದವರು, ಅದಕ್ಕೆ ಸಮುದ್ರದಲ್ಲಿ ಹೊತ್ತು ಯಾವಾಗ ಮುಳುಗುತ್ತದೆ ಎಂದು ಮಗಳಿಗೆ ದಿನಾ ಫೋನು, ಮುಗಿಲು ನೋಡೋಳು ನೀನು, ಸರಿಯಾಗಿ ನೋಡಿ ಹೇಳವ್ವ — ನನಗೆ ತಲೆ ಸುತ್ತುತ್ತದೋ ಏನೋ ಎಂದು ಹೋದ ಭಾನುವಾರ ಗೊರೂರಿಗೆ ಕರೆದೊಯ್ದು ಹಿನ್ನೀರಿನಲ್ಲಿ ಮೀನು ಹಿಡಿಯುವ ಕೆಂಪಣ್ಣನ ತೆಪ್ಪದಲ್ಲಿ ಕೂರಿಸಿದರು, ನಾನು ಮೂಗಿಗೆ ಸೆರಗು ಹಿಡಿದು ಕುಳಿತೆ, ನನಗೇನೂ ಆಗಲಿಲ್ಲ, ತೊಟ್ಟಿಲು ತೂಗಿದ ಹಾಗಿತ್ತು, ಇವರ ಮುಖ ಸುಣ್ಣದಂತಾಯಿತು, ಸಾ, ನೀರ್ ನೋಡ್ಬ್ಯಾಡಿ, ದಡ ನೋಡ್ಕಂಡ್ ಕುಂತ್ಕಳಿ ಎಂದ ಕೆಂಪಣ್ಣ, ಇವರು ದಡ ಬಿಟ್ಟು ನನ್ನ ಮುಖ ನೋಡಿಕೊಂಡು ಕುಳಿತರು, ನೋಡಿ ನೋಡಿ ನನ್ನ ಸೀರೆಯ ಅಂಚಿಗೇ ವಾಂತಿ ಮಾಡಿದರು, ನಾನು ನಕ್ಕೆ, ಬಾಯಿ ತೊಳೆದುಕೊಂಡು ಇವರೂ ನಕ್ಕರು, ಈ ವಯಸ್ಸಿನಲ್ಲಿ ಗಂಡನ ಮೇಲೆ ಇಷ್ಟು ಅಕ್ಕರೆ ಉಕ್ಕುತ್ತದೆಂದು ಯಾರೂ ಹೇಳಿರಲಿಲ್ಲ, ಆ ನಗುವಿನ ನಡುವೆ ಹೇಗೆ ಹೇಳಲಿ, ರೀ, ನಾನು ಬರುವ ಹಾಗಿಲ್ಲ ಅಂತ.

ಬರುವ ಹಾಗಿಲ್ಲ — ತ್ರಿಷಾ ಮೂರು ವರ್ಷದವಳಿದ್ದಾಗ ಜ್ವರ ತಲೆಗೇರಿ ಹಾಸನದ ಆಸ್ಪತ್ರೆಯಲ್ಲಿ ಕಣ್ಣು ಬಿಡದೆ ಮಲಗಿದ್ದಳು, ಎದ್ದು ಅಮ್ಮಾ ಹಸಿವು ಎಂದಳು, ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬೆಳಗೊಳಕ್ಕೆ ಹೋಗಿ ಅಲ್ಲಿ ತಂಗಿದ್ದ ಸನ್ಯಾಸಿನಿ ಮಾತಾಜಿಯ ಮುಂದೆ ದಿಗ್ವ್ರತ ತೆಗೆದುಕೊಂಡೆ, ಬದುಕಿರುವವರೆಗೆ ಯಾವ ದಿಕ್ಕಿಗೆ ಎಲ್ಲಿಯವರೆಗೆ ಹೋಗುತ್ತೇನೆ, ಅದರಾಚೆ ಹೆಜ್ಜೆ ಇಡುವುದಿಲ್ಲ, ಮೂಡಲಿಗೆ ಶಿಖರ್ಜಿ, ಬಡಗಲಿಗೆ ಹಿಮಾಲಯ, ತೆಂಕಲಿಗೆ ಕನ್ಯಾಕುಮಾರಿ, ಪಡುವಲಿಗೆ ಎಂದರು ಮಾತಾಜಿ, ಸಮುದ್ರದ ದಂಡೆ ಎಂದೆ, ಸ್ವಲ್ಪ ಸಡಿಲ ಇಟ್ಟುಕೋ ಮಗಳೇ ಎಂದರು, ಸಮುದ್ರದಾಚೆ ನನಗೇನು ಕೆಲಸ ಮಾತಾಜಿ ಎಂದೆ, ಸೊಂಟದ ಮೇಲಿನ ಕೂಸು ನನ್ನ ತಾಳಿ ಕಚ್ಚುತ್ತಿತ್ತು — ಆ ಕೂಸೇ ಸಮುದ್ರದಾಚೆ ಹೋಗಿ ಕುಳಿತುಕೊಳ್ಳುತ್ತದೆಂದು ಯಾರಿಗೆ ಗೊತ್ತಿತ್ತು, ಮನೆಗೆ ಬಂದು ಇವರಿಗೆ ಹೇಳಿದ್ದೆ, ಒಳ್ಳೇದಾಯ್ತು ಬಿಡು, ಸಮುದ್ರದಲ್ಲಿ ಪಾತ್ರೆ ಕೊಳ್ಳೋರು ಯಾರು ಎಂದವರು ಆಮೇಲೆ ಮರೆತುಬಿಟ್ಟರು, ವಿಮಾನದಲ್ಲಿ ಹೋದರೂ ದಿಕ್ಕು ಅದೇ, ಹೋಗಿ ಬಂದು ಪ್ರಾಯಶ್ಚಿತ್ತ ಮಾಡಿಕೋ ಎನ್ನುವವರು ಇದ್ದಾರು, ಒರೆಸಲು ಬಟ್ಟೆ ಇದೆಯೆಂದು ಬೇಕಂತಲೇ ಹಾಲು ಚೆಲ್ಲುತ್ತಾರೆಯೇ, ಆದರೆ ನೋಡಬೇಕು, ಆಸೆ ಸುಳ್ಳಲ್ಲ, ಅವಳು ಮಲಗುವ ಜಾಗ ನೋಡಬೇಕು, ಕಿಟಕಿ ಯಾವ ಕಡೆ, ತಲೆ ಯಾವ ಕಡೆ, ಸಮುದ್ರದ ಸದ್ದಿಗೆ ನಿದ್ದೆ ಬರುತ್ತದೋ ಇಲ್ಲವೋ, ಹೊಟ್ಟೆಯೊಳಗಿಂದ ಆಸೆ.

ರಜ ಮುಗಿಸಿ ಹೋಗುವಾಗ ತ್ರಿಷಾ ಕೊಚ್ಚಿಯ ಕಟ್ಟೆಯಿಂದ ವಿಡಿಯೊ ಕಳಿಸಿದ್ದಳು, ನೋಡಮ್ಮ ಹತ್ತೋದು ಎಷ್ಟು ಸುಲಭ, ಕಟ್ಟೆ, ಕಟ್ಟೆಯಿಂದ ಹಡಗಿಗೆ ಒಂದು ಹಲಗೆ, ಹಲಗೆಯ ಕೆಳಗೆ ಗೇಣಗಲ ನೀರು, ಕಪ್ಪು ನೀರು, ಅವಳು ದಾಟಿದ್ದಳು, ನಾನು ಆ ಗೇಣನ್ನೇ ಮತ್ತೆ ಮತ್ತೆ ನೋಡಿದ್ದೆ — ಪದ್ದೂ ಎಂದು ಮತ್ತೆ ಕೂಗಿದರು, ಇಳಿದೆ, ಇವರು ಗಿರಾಕಿಯ ಕುರ್ಚಿಯಲ್ಲಿ ಕುಳಿತು ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದಿದ್ದಾರೆ, ಒಂದೇ ಟಿಕೆಟ್ ತಗೊಳಿ ಎಂದೆ, ಯಾಕೆ ಎಂದರು, ಪಡುವಲಿಗೆ ನನಗೆ ದಂಡೆಯವರೆಗೆ ಅಷ್ಟೇ, ಬೆಳಗೊಳದಲ್ಲಿ ಹೇಳಿ ಬಂದಿದ್ದೆನಲ್ಲ, ಇವರು ನೋಡಿದರು, ಕನ್ನಡಕ ಇಳಿಸಿ ನೋಡಿದರು, ನೆನಪು ಬಂದದ್ದು ಮುಖದಲ್ಲಿ ಕಂಡಿತು, ಬೈಯಲಿಲ್ಲ, ವ್ರತ ಮುರಿದು ಬಾ ಎನ್ನಲಿಲ್ಲ, ಇಷ್ಟು ವರ್ಷದಲ್ಲಿ ನನ್ನ ಯಾವ ವ್ರತಕ್ಕೂ ಹಾಗೆ ಅನ್ನಲಿಲ್ಲ, ಅದಕ್ಕೇ ಇವರ ಮೇಲೆ ಪ್ರೀತಿ — ನಾನೋಗಿ ಏನ್ ನೋಡ್ಲಿ, ನೋಡ್ಬೇಕಾಗಿದ್ದೋಳು ನೀನು ಎಂದರು, ನೀವೇ ನೋಡ್ಕೊಂಡು ಬಂದು ಹೇಳಿ ಎಂದೆ, ಸೀರೆಯ ಬಣ್ಣ ಕೇಳಿದರೆ ಸೀರೆ ಬಣ್ಣ ಎನ್ನುವ ಮನುಷ್ಯನಿಗೆ ಮಗಳ ಕಿಟಕಿ ನೋಡುವ ಕೆಲಸ ವಹಿಸಿದೆ, ಫೋನಿನಲ್ಲಿ ಬೆರಳು ಆಡಿಸುತ್ತ ಕುಳಿತರು, ಮೂಗು ಒರೆಸಿಕೊಂಡರು, ಆಮೇಲೆ ತಲೆಯೆತ್ತದೆ ಹೇಳಿದರು, ಓಗಕ್ಕೆ ಒಂದು, ಬರಕ್ಕೆ ಎರಡು ತಗತ್ತೀನಿ ಕಣೇ, ಅವ್ಳಿಗೆ ರಜ ಆಕಕ್ಕೆ ಹೇಳ್ತೀನಿ, ನೀನು ದಂಡೇಲಿ ನಿಂತಿರು.

ನಿಂತಿರುತ್ತೇನೆ, ಕೊಚ್ಚಿಯ ದಂಡೆ ನನ್ನದೇ, ಕೊನೆಯ ಕಲ್ಲಿನವರೆಗೂ ನನ್ನದು, ಇವರನ್ನು ಹತ್ತಿಸಿ ಬುತ್ತಿ ಕೊಟ್ಟು ಹೊತ್ತು ಮುಳುಗುವ ಮೊದಲು ಉಣ್ಣಿ ಎಂದು ಇನ್ನೊಮ್ಮೆ ಹೇಳಿ, ಹಲಗೆ ಎಳೆಯುತ್ತಾರೆ, ಗೇಣು ಮೊಳವಾಗುತ್ತದೆ, ಮೊಳ ಮಾರಾಗುತ್ತದೆ, ಆಮೇಲೆ ಹಡಗು ವಾಪಸು ಬರುತ್ತದೆ, ಮಾರು ಮೊಳವಾಗುತ್ತದೆ, ಇವರ ಹಿಂದೆ ತ್ರಿಷಾ, ಹಲಗೆಯ ಮೇಲೆ ಒಂದು ಕಾಲು ಇಟ್ಟಿರುತ್ತಾಳೆ, ಅಮ್ಮಾ ಎನ್ನುತ್ತಾಳೆ, ನಾನು ಕೈ ಚಾಚುತ್ತೇನೆ, ಕೈ ದಂಡೆ ದಾಟಿದರೆ ವ್ರತ ದಾಟಿದ ಹಾಗೋ, ಅದೊಂದನ್ನು ಮಾತಾಜಿಯನ್ನು ಕೇಳಿರಲಿಲ್ಲ, ಅವಳ ಕೈ, ನನ್ನ ಕೈ, ಕೆಳಗೆ ನೀರು, ಕಪ್ಪು ನೀರು, ಗೇಣಗಲ —