ನೀರಿಗಿಂತ ಮುಂದೆ ಓಡಿದವನು

ಭಟ್ಟಿಯ ಬಾಗಿಲು ತೆರೆದಾಗ ಒಳಗಿನ ಬಿಸಿ ಇನ್ನೂ ಮುಖಕ್ಕೆ ರಾಚುವಂತಿತ್ತು. ಇನ್ನೆರಡು ಗಂಟೆ ಆರಲು ಬಿಡಬೇಕಿತ್ತು. ಬಿಸಿ ಬಿಲ್ಲೆಗೆ ತಣ್ಣನೆ ಗಾಳಿ ತಗುಲಿದರೆ ಮೇಲೆ ಬಳಿದ ಮೆರುಗು ಬಿರುಕು ಬಿಡುತ್ತದೆ ಎಂದು ಮಕ್ಕಳಿಗೆ ಹತ್ತು ಸಲ ಬೈದು ಕಲಿಸಿದವಳೇ ಈಗ ತಾನೂ ಅದೇ ತಪ್ಪು ಮಾಡುತ್ತಿದ್ದಳು. ಏನು ಮಾಡೋದು, ನಾಲ್ಕು ಗಂಟೆಗೆ ಕಾರ್ಯಕ್ರಮ. ಅಷ್ಟರಲ್ಲಿ ಮೂವತ್ತಾರು ಮಣ್ಣಿನ ಬಿಲ್ಲೆಗಳನ್ನೂ ಮ್ಯೂಸಿಯಂ ಹಜಾರದ ಮರದ ಚೌಕಟ್ಟಿಗೆ ಕೂರಿಸಬೇಕು. ಭಟ್ಟಿ ಟೀಚರ್ ದಪ್ಪ ಕೈಗವಸು ಹಾಕಿಕೊಂಡು ಮೊದಲ ಬಿಲ್ಲೆಯನ್ನು ಎಳೆದು ಮೇಜಿನ ಮೇಲಿಟ್ಟಳು.

ಚೆನ್ನಾಗಿಯೇ ಬಂದಿತ್ತು. ಕಂದು ನೀರು, ನೀರಲ್ಲಿ ಮುಳುಗಿದ ಬಾಗಿಲು, ದೂರದಲ್ಲಿ ತೂಬಿನ ಗೇಟಿನ ಗೋಪುರ. ಗೋಪುರದ ತುದಿಯಲ್ಲಿ ಮಾತ್ರ ಒಂದು ಕೆಂಪು ಚುಕ್ಕೆ.

"ಥತ್, ಗಾಳಿಕಿಂಡಿ ಮುಚ್ಕೊಂಡಿದೆ," ಎಂದು ತನ್ನನ್ನೇ ಬೈದುಕೊಂಡಳು. ಹಸಿರು ಮೆರುಗಿನ ಸ್ವಭಾವವೇ ಹಾಗೆ. ತಾಮ್ರದ ಪುಡಿ ಕಲಸಿ ಮಾಡಿದ್ದು, ಭಟ್ಟಿಯಲ್ಲಿ ಗಾಳಿ ಸಾಕಷ್ಟಿದ್ದರೆ ಹಸಿರು, ಉಸಿರುಗಟ್ಟಿದರೆ ಕೆಂಪು. ಗೋಪುರದ ದೀಪ ಹಸಿರಾಗಿರಬೇಕಿತ್ತು. ಆ ಊರಿನ ಎರಡನೇ ಕ್ಲಾಸಿನ ಮಗುವನ್ನು ಕೇಳಿದರೂ ಹಸಿರು ಅಂತಲೇ ಹೇಳುತ್ತದೆ. ಮುಖ್ಯವಾದ ಬಿಲ್ಲೆಯೇ ಕೆಟ್ಟಿತಲ್ಲ ಎಂದು ಹೊಟ್ಟೆ ಉರಿಯಿತು.

ಎರಡನೆಯದನ್ನು ತೆಗೆದಳು. ಅದರಲ್ಲೂ ಕೆಂಪು. ಮೂರನೆಯದರಲ್ಲೂ. ಆದರೆ ಮೂರನೆಯದರಲ್ಲಿ ಗೋಪುರದ ಪಕ್ಕದಲ್ಲೇ ಒಂದು ಬಾಳೆಗಿಡವಿತ್ತು, ಅದರ ಎಲೆ ಹಚ್ಚಹಸಿರಾಗಿತ್ತು. ಒಂದೇ ಬಿಲ್ಲೆ, ಒಂದೇ ಬೆಂಕಿ. ಭಟ್ಟಿ ಎಲೆಯನ್ನು ಹಸಿರಾಗಿಯೇ ಬಿಟ್ಟು ದೀಪವನ್ನಷ್ಟೇ ಹುಡುಕಿ ಕೆಂಪು ಮಾಡುತ್ತದೆಯೇ?  ಇದು ಭಟ್ಟಿಯ ತಪ್ಪಲ್ಲ. ಯಾರೋ ಕೆಂಪು ಡಬ್ಬಿಗೇ ಕುಂಚ ಅದ್ದಿ ಬರೆದಿದ್ದಾರೆ. ಒಬ್ಬರಲ್ಲ, ಮೂರು ಜನ.

ನಲವತ್ತೊಂದು ವರ್ಷದ ಹಿಂದೆ ಹೊಳೆ ಉಕ್ಕಿ ತಗ್ಗಿನ ಬೀದಿ ಮುಳುಗಿದ ದಿನದ ಕಥೆ ಆ ಊರಲ್ಲಿ ಎಲ್ಲರಿಗೂ ಬಾಯಿಪಾಠ. ತೂಬಿನ ಗೇಟು ತೆರೆದರೆ ನೀರು ಹಳೇ ಕಾಲುವೆಗೆ ತಿರುಗಿ ಬೀದಿ ಉಳಿಯುತ್ತದೆ, ಮುಚ್ಚಿದ್ದರೆ ಬೀದಿಗೇ ನುಗ್ಗುತ್ತದೆ. ಮುಚ್ಚಿದ್ದಾಗ ಗೋಪುರದಲ್ಲಿ ಕೆಂಪು ದೀಪ, ತೆರೆದಾಗ ಹಸಿರು. ಗೇಟಿನ ಕಾವಲುಗಾರನ ಮನೆ ಇದ್ದದ್ದು ಅದೇ ಹಳೇ ಕಾಲುವೆಯ ದಂಡೆಯ ಮೇಲೆ, ಮನೆಯಲ್ಲಿ ಜ್ವರ ಬಂದು ಮಲಗಿದ್ದ ಐದು ವರ್ಷದ ತಾಯಿಯಿಲ್ಲದ ಮಗಳು. ಆದರೂ ಆ ಪುಣ್ಯಾತ್ಮ ಹಿಂದೆಮುಂದೆ ನೋಡದೆ ಮೊದಲು ಗೇಟು ತೆರೆದ, ಹಸಿರು ದೀಪ ಹಾಕಿದ, ಆಮೇಲೆ ಕಾಲುವೆಗುಂಟ ಬರುತ್ತಿದ್ದ ನೀರಿಗಿಂತ ಮುಂದೆ ಓಡಿ ಮಗಳನ್ನು ಹೆಗಲ ಮೇಲೆ ಹೊತ್ತು ಪಂಪ್‌ಹೌಸ್ ದಿಬ್ಬ ಹತ್ತಿದ. ಏಳು ಜನ ಹೋದರು, ಇವನಿಲ್ಲದಿದ್ದರೆ ಎಪ್ಪತ್ತು ಜನ ಹೋಗುತ್ತಿದ್ದರು. ಕಥೆ ಇಷ್ಟು.

ಗೇಟಿನ ಹಳೇ ಚಕ್ರ, ದೀಪ, ದೀಪದ ಎರಡು ಬಣ್ಣದ ಗಾಜು ಎಲ್ಲ ಈಗ ಮ್ಯೂಸಿಯಂನಲ್ಲಿವೆ. ಪ್ರತಿ ವರ್ಷ ಮಳೆಗಾಲದ ಬಾಗಿಲಲ್ಲಿ 'ನೀರಿನ ದಿನ' ಮಾಡುತ್ತಾರೆ. ಅದೇ ಕಾವಲುಗಾರ, ಈಗ ಎಂಬತ್ತೊಂದು ವರ್ಷದ ಗೇಟಜ್ಜ, ಬಂದು ಚಕ್ರ ತಿರುಗಿಸಿ ಹಸಿರು ದೀಪ ಹಚ್ಚುತ್ತಾನೆ, ಚಪ್ಪಾಳೆ ಬೀಳುತ್ತದೆ, ಮಕ್ಕಳು ಎದೆಗೆ ನಂಬರು ಅಂಟಿಸಿಕೊಂಡು ಗೇಟಿನಿಂದ ದಿಬ್ಬದವರೆಗೆ ಓಡುತ್ತಾರೆ. ಅಜ್ಜ ಆ ಓಟವನ್ನು ಒಂದು ವರ್ಷವೂ ನಿಂತು ನೋಡಿದವನಲ್ಲ. ಕಾಲುನೋವು ಎಂದು ಮನೆಗೆ ಹೋಗಿಬಿಡುತ್ತಾನೆ. ಹೆಗಲ ಮೇಲಿದ್ದ ಆ ಮಗಳೇ ಈ ಭಟ್ಟಿ ಟೀಚರ್.

ಈ ಸಲ ತಗ್ಗಿನ ಬೀದಿಯವರ ಕೈಯಲ್ಲೇ ಚಿತ್ರ ಬರೆಸೋಣ ಎಂದದ್ದೂ ಅವಳೇ. ನಾಲ್ಕು ಭಾನುವಾರ ಹಜಾರದಲ್ಲಿ ಚಾಪೆ ಹಾಸಿ ಬರೆಸಿದ್ದಳು. "ಬೇರೆಯವರ ಬಾಯಲ್ಲಿ ಕೇಳಿದ್ದು ಬೇಡ. ಅವತ್ತು ನಿಮ್ಮ ಮನೆ ಕಿಟಕೀಲಿ ನಿಮಗೇನು ಕಾಣಿಸ್ತೋ ಅಷ್ಟೇ ಬರೀರಿ. ಬುದ್ಧಿ ಉಪಯೋಗಿಸಿ ತಿದ್ದೋಕೆ ಹೋಗಬೇಡಿ," ಎಂದು ಎಲ್ಲರಿಗೂ ಹೇಳಿದ್ದಳು. ಸುಡುವ ಮುಂಚೆ ಮೆರುಗುಗಳೆಲ್ಲ ಬೂದಿ ಕಲಸಿದಂತೆ ಒಂದೇ ಥರ ಕಾಣುತ್ತವೆ. ಯಾರು ಯಾವ ಡಬ್ಬಿಗೆ ಕುಂಚ ಅದ್ದಿದರು ಎಂದು ಅವಳು ನೋಡಲಿಲ್ಲ, ಅವರೂ ಒಬ್ಬರದನ್ನೊಬ್ಬರು ನೋಡಲಿಲ್ಲ.

ಮೂವತ್ತಾರೂ ಹೊರಬಂದವು. ಗೋಪುರ ಬರೆದಿದ್ದವರು ಐದು ಜನ. ಐದರಲ್ಲೂ ಕೆಂಪು.

 ಸ್ವಲ್ಪ ಹೊತ್ತು ಭಟ್ಟಿಯ ಮುಂದೆ ನೆಲದ ಮೇಲೆ ಕೂತೇಬಿಟ್ಟಳು. ಆಮೇಲೆ, ಆ ಐದರಲ್ಲಿ ಗೋಡೆ ಗಡಿಯಾರವನ್ನೂ ಬರೆದಿದ್ದ ಬಿಲ್ಲೆಯೊಂದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಏಪ್ರನ್ ಕೂಡ ಬಿಚ್ಚದೆ ತಗ್ಗಿನ ಬೀದಿಗೆ ನಡೆದಳು. ಅದು ಇಸ್ತ್ರಿ ದೊಡ್ಡಮ್ಮನ ಬಿಲ್ಲೆ.

ದೊಡ್ಡಮ್ಮ ಅಂಗಡಿಯಲ್ಲಿ ನಿಂತು ಒಂದು ಬಿಳಿ ಅಂಗಿಯ ತೋಳು ತಿಕ್ಕುತ್ತಿದ್ದಳು. ಎಪ್ಪತ್ತು ದಾಟಿದರೂ ಕೈ ಇನ್ನೂ ಗಟ್ಟಿ. "ಬಾರೆ ತಾಯಿ, ನಿಮ್ಮಪ್ಪಂದೇ ಅಂಗಿ. ಸಾಯಂಕಾಲ ಹಾಕ್ಕೊಳೋಕೆ ರೆಡಿ ಮಾಡ್ತಿದೀನಿ. ಏನೇ ಇದು, ಗರ ಬಡಿದವಳ ಥರ ನಿಂತಿದೀಯಾ?"

ಅವಳು ಬಟ್ಟೆ ಬಿಚ್ಚಿ ಬಿಲ್ಲೆಯನ್ನು ಇಸ್ತ್ರಿ ಮೇಜಿನ ಮೇಲಿಟ್ಟಳು. "ದೊಡ್ಡಮ್ಮಾ, ಈ ದೀಪಕ್ಕೆ ಯಾವ ಡಬ್ಬಿ ತಗೊಂಡ್ರಿ?"

ದೊಡ್ಡಮ್ಮ ಕನ್ನಡಕ ಏರಿಸಿ ನೋಡಿದಳು. "ಕೆಂಪಿಂದು. ಯಾಕೆ, ಚೆನ್ನಾಗಿ ಬಂದಿದೆಯಲ್ಲ."

"ಹಸಿರಲ್ವಾ? ಜ್ಞಾಪಿಸ್ಕೊಂಡು ಹೇಳಿ. ವಯಸ್ಸಾಗಿದೆ, ಎಲ್ಲೋ ಡಬ್ಬಿ ಅದಲುಬದಲಾಗಿರಬೇಕು."

"ವಯಸ್ಸಾಗಿದೆ ಕಣೆ, ಕಣ್ಣೇನೂ ಹೋಗಿಲ್ಲ." ದೊಡ್ಡಮ್ಮ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ಕಲ್ಲಿನ ಮೇಲಿಟ್ಟಳು. "ಕಂಡಿದ್ದನ್ನ ಬರೀರಿ ಅಂದೆ ನೀನು. ಕಂಡಿದ್ದನ್ನ ಬರೆದೆ. ಬೇರೆಯವರೆಲ್ಲ ಹಸಿರೇ ಬರೆದಿರ್ತಾರೆ, ಮಧ್ಯದಲ್ಲಿ ನಂದೊಂದು ಯಾರ ಕಣ್ಣಿಗೆ ಬೀಳುತ್ತೆ ಅಂದ್ಕೊಂಡೆ."

"ಐದೂ ಕೆಂಪೇ ದೊಡ್ಡಮ್ಮಾ."

ದೊಡ್ಡಮ್ಮ ಸ್ಟೂಲಿನ ಮೇಲೆ ಕುಸಿದು ಕೂತಳು. "ಐದೂನಾ? ಅಯ್ಯೋ ದೇವರೇ. ನಾನೊಬ್ಬಳೇ ನೋಡಿದ್ದು ಅಂತ ಇಷ್ಟು ವರ್ಷ ಬಾಯಿಗೆ ಬೀಗ ಹಾಕ್ಕೊಂಡು ಕೂತಿದ್ನಲ್ಲೇ!"

 ರಸ್ತೆಯಲ್ಲಿ ಯಾರೋ ಸೈಕಲ್ ಬೆಲ್ ಮಾಡಿಕೊಂಡು ಹೋದರು. ದೊಡ್ಡಮ್ಮನ ಮಗ ಆ ಏಳು ಜನರಲ್ಲಿ ಒಬ್ಬ. ಇವಳಿಗಿಂತ ಎರಡು ತಿಂಗಳು ದೊಡ್ಡವನು. 

"ಅಪ್ಪ ಮೊದಲು ಗೇಟು ತೆಗೆದು, ಆಮೇಲೆ ನನ್ನನ್ನ..."

"ನೀರಿಗಿಂತ ಮುಂದೆ ಯಾರಮ್ಮಾ ಓಡ್ತಾರೆ?" ದೊಡ್ಡಮ್ಮ ಗದರಿದಂತೆ ಹೇಳಿದಳು. "ಆ ಓಟದ ಮಕ್ಕಳನ್ನ ನೋಡು. ಬರಿಗೈಲಿ ಓಡಿದ್ರೂ ದಿಬ್ಬ ಸೇರೋಕೆ ಕಾಲು ಗಂಟೆ ಬೇಕು. ನಿಮ್ಮಪ್ಪನ ಹೆಗಲ ಮೇಲೆ ನೀನು ಬೇರೆ."

"ಗೊತ್ತಿದ್ದೂ ಅವರ ಅಂಗಿ ಇಸ್ತ್ರಿ ಮಾಡ್ತೀರಲ್ಲ!"

"ಮೂರು ವರ್ಷ ಮಾಡ್ಲಿಲ್ಲ. ತಂದ್ರೆ, ಕೆಂಡ ಇಲ್ಲ ಹೋಗು ಅಂತಿದ್ದೆ. ಆಮೇಲೆ ಒಂದಿನ ನಿನ್ನ ಸ್ಕೂಲ್ ಯೂನಿಫಾರಂ ತಂದ. ಇಷ್ಟೇ ಇಷ್ಟು ಲಂಗ. ಅದನ್ನ ಹೆಂಗೆ ವಾಪಸ್ ಕಳಿಸ್ಲಿ, ಹೇಳು." ಮತ್ತೆ ಎದ್ದು ಪೆಟ್ಟಿಗೆ ಎತ್ತಿಕೊಂಡಳು. "ಸಿಟ್ಟು ಹೋಗಿದೆ ಅಂತ ತಿಳ್ಕೋಬೇಡ. ಹೋಗಿಲ್ಲ. ಹೋಗು, ಅಂಗಿ ನಾನೇ ಕಳಿಸ್ತೀನಿ."

ಮ್ಯೂಸಿಯಂಗೆ ಹೇಗೆ ವಾಪಸ್ ಬಂದಳೋ ಅವಳಿಗೇ ಗೊತ್ತಿಲ್ಲ. ಅಷ್ಟರಲ್ಲಿ ಉಳಿದ ಬಿಲ್ಲೆಗಳನ್ನೆಲ್ಲ ಕೂರಿಸಿ ಮುಗಿಸಿದ್ದ ಸಾಹೇಬರು ಚೌಕಟ್ಟಿನ ಮುಂದೆ ಬೆವರು ಒರೆಸಿಕೊಳ್ಳುತ್ತ ನಿಂತಿದ್ದರು. ಅವಳು ದೊಡ್ಡಮ್ಮನ ಬಿಲ್ಲೆಯನ್ನು ಖಾಲಿ ಜಾಗಕ್ಕೆ ಕೂರಿಸಿದಳು. ಮ್ಯೂಸಿಯಂಗೆ ಸಾಹೇಬರೆಂದರೂ ಅವರೇ, ಮೈಕ್ ಕಟ್ಟುವವರೂ ಅವರೇ.

"ಟೀಚರ್, ಇದೇನ್ರೀ ಎಲ್ಲಾ ಕೆಂಪು! ಸಂಜೆ ಏನ್ ಗತಿ? ಒಂದು ಕೆಲಸ ಮಾಡಿ, ಚುಕ್ಕೆ ಮೇಲೆ ಹಸಿರು ಪೇಂಟ್ ಬಳಿದುಬಿಡಿ. ಐದೇ ಚುಕ್ಕೆ, ಎರಡು ನಿಮಿಷದ ಕೆಲಸ. ಯಾರಾದ್ರೂ ಕೇಳಿದ್ರೆ ಭಟ್ಟಿ ಕೈಕೊಡ್ತು ಅನ್ನೋಣ."

ಎರಡು ನಿಮಿಷದ ಕೆಲಸವೇ ನಿಜ. ಅವಳು ಪೇಂಟಿನ ಡಬ್ಬಿಯನ್ನೂ ತೆರೆದಳು. ಐದು ಮುದುಕರ ಕಣ್ಣು ತಪ್ಪಿರಬಾರದೇ? ಮೋಡದ ಕತ್ತಲು, ಮಳೆ, ಗಾಬರಿ. ನೆನಪು ಮೋಸ ಮಾಡಿರಬಹುದು. ತನ್ನ ಅಪ್ಪ ಹಾಗೆ ಮಾಡುವವನೇ ಅಲ್ಲ. ನೊಣಕ್ಕೂ ದಾರಿ ಬಿಡುವ ಮನುಷ್ಯ ಅವನು. ಕುಂಚ ಅದ್ದಿ ಮೇಲಿನ ಸಾಲಿನಿಂದ ಹುಡುಕುತ್ತ ಬಂದವಳು ಕೊನೆಯ ಮೂಲೆಯಲ್ಲಿ ನಿಂತಳು.

ಕೊನೆಯ ಭಾನುವಾರ ಒಂದು ಬಿಲ್ಲೆ ಉಳಿದಿತ್ತು. ಸುಮ್ಮನೆ ಯಾಕೆ ಬಿಡುವುದೆಂದು ಅದರ ಮೇಲೆ ತಾನೇ ಬರೆದಿದ್ದಳು. ಅಪ್ಪನ ಹೆಗಲ ಮೇಲಿಂದ ಕಂಡದ್ದು. ದಿಬ್ಬ, ಕೆಳಗೆ ಬೀದಿಯ ಹೆಂಚುಗಳು, ಹೊಳೆಯ ತಿರುವು, ತಿರುವಿನಲ್ಲಿ ಒಂದು ಮರ, ಮರದಲ್ಲಿ ಒಂದೇ ಒಂದು ಕೆಂಪು ಹಣ್ಣು. ಆ ಹಣ್ಣು ಅವಳಿಗೆ ಚೆನ್ನಾಗಿ ನೆನಪಿತ್ತು. ಜ್ವರದ ಕಣ್ಣಿಗೆ ಎಷ್ಟು ಚೆಂದ ಕಂಡಿತ್ತೆಂದರೆ, "ಅಪ್ಪಾ, ನಂಗೆ ಆ ಕೆಂಪು ಹಣ್ಣು ಬೇಕು," ಎಂದು ಅಪ್ಪನ ಕೂದಲು ಹಿಡಿದು ಜಗ್ಗಿದ್ದಳು. ಅಪ್ಪ ಪಂಪ್‌ಹೌಸಿನವನ ಹೆಂಡತಿಯ ಮಡಿಲಿಗೆ ಅವಳನ್ನು ಹಾಕಿ ಮತ್ತೆ ಇಳಿದು ಓಡಿದ್ದ. ಹಣ್ಣು ತರೋಕೆ ಹೋದ ಅಂದುಕೊಂಡಿದ್ದಳು.

ಹೊಳೆಯ ತಿರುವಿನಲ್ಲಿ ಮರವಿಲ್ಲ. ಅಂದೂ ಇರಲಿಲ್ಲ, ಇಂದೂ ಇಲ್ಲ. ಅಲ್ಲಿರುವುದು ಗೋಪುರ.

ಅಪ್ಪನ ಹೆಗಲೇರಿ ದಿಬ್ಬ ಮುಟ್ಟಿದ ಮೇಲೂ ಅದು ಕೆಂಪಾಗಿತ್ತು. ಅಪ್ಪ ಮೊದಲು ತನ್ನನ್ನು ಹೊತ್ತಿದ್ದ, ಗೇಟು ಆಮೇಲೆ. ಇದನ್ನು ಸುಳ್ಳೆನ್ನಲು ಈಗ ಯಾರಿದ್ದಾರೆ? ತಾನೇ ಸಾಕ್ಷಿ, ತನ್ನ ಕೈಯಿಂದಲೇ ಬರೆದು, ತಾನೇ ಸುಟ್ಟು ಗಟ್ಟಿ ಮಾಡಿದ್ದಾಳೆ. ಏಳು ಜನ ಹೋದದ್ದು ತನಗಾಗಿ. ದೊಡ್ಡಮ್ಮನ ಮಗ ಹೋದದ್ದು ತನಗಾಗಿ.  ಕುಂಚದ ತುದಿಯಿಂದ ಹಸಿರು ಬಣ್ಣ ತೊಟ್ಟಿಕ್ಕಿ ಚಪ್ಪಲಿಯ ಮೇಲೆ ಬಿತ್ತು.

"ಟೀಚರ್? ಹುಷಾರಿದೀರಾ?" ಸಾಹೇಬರು ಕೇಳಿದರು.

"ಇರೋ ಹಾಗೇ ಇರ್ಲಿ ಸಾರ್," ಎಂದು ಅವಳು ಡಬ್ಬಿಯ ಮುಚ್ಚಳ ಒತ್ತಿದಳು. 

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಗೇಟಜ್ಜ ಬಂದ. ಬಿಳಿ ಅಂಗಿ ಗರಿಗರಿಯಾಗಿತ್ತು. ಹಜಾರದ ತುಂಬ ಜನ, ಮುಂದಿನ ಸಾಲಿನಲ್ಲಿ ಇಸ್ತ್ರಿ ದೊಡ್ಡಮ್ಮ, ಗೋಡೆಗುಂಟ ನಂಬರು ಅಂಟಿಸಿಕೊಂಡ ಮಕ್ಕಳು. ಅಜ್ಜ ಯಾವಾಗಲೂ ನೇರವಾಗಿ ಚಕ್ರದ ಹತ್ತಿರ ಹೋಗುವವನು ಇವತ್ತು ಚೌಕಟ್ಟಿನ ಮುಂದೆ ನಿಂತ. "ನಮ್ಮ ಮಗಳು ಮಾಡ್ಸಿದ್ದು," ಎಂದು ಪಕ್ಕದವರಿಗೆ ಹೆಮ್ಮೆಯಿಂದ ಹೇಳಿ, ಕನ್ನಡಕ ಒರೆಸಿ ನೋಡತೊಡಗಿದ.

ಒಂದು ಬಿಲ್ಲೆ ನೋಡಿದ. ಇನ್ನೊಂದು ನೋಡಿದ. ಆಮೇಲೆ ಅವನ ತಲೆ ಒಂದೇ ಕಡೆ ನಿಲ್ಲಲಿಲ್ಲ, ಕೆಂಪು ಎಲ್ಲೆಲ್ಲಿದೆಯೋ ಅಲ್ಲಲ್ಲಿಗೆ ಹೋಯಿತು. ಹಿಂದೆ ನಿಂತಿದ್ದ ಮಗಳಿಗೆ ಅವನ ಕತ್ತಿನ ನರ ಮಾತ್ರ ಕಾಣುತ್ತಿತ್ತು. ಕೊನೆಗೆ ಮೂಲೆಯ ಬಿಲ್ಲೆಗೆ ಬಂದು ಆ ಹಣ್ಣಿನ ಮೇಲೆ ಬೆರಳಿಟ್ಟ.

"ಇದು ಯಾರು ಬರೆದಿದ್ದು?"

"ನಾನಪ್ಪ."

ಅಜ್ಜ ತಿರುಗಿ ನೋಡಲಿಲ್ಲ. ಬೆರಳು ಅಲ್ಲೇ ಇತ್ತು. "ಹಣ್ಣು ಕೇಳಿದ್ದೆ ನೀನು," ಎಂದ.

"ಹೂಂ."

ಸಾಹೇಬರು ಮೈಕಿನಲ್ಲಿ ಅವನನ್ನು ಕರೆದರು. ನೀರಿಗಿಂತ ಮುಂದೆ ಓಡಿದವರು ಎಂದು ಹೇಳಿದರು, ಚಪ್ಪಾಳೆ ಬಿತ್ತು. ಅಜ್ಜ ಚಕ್ರದ ಹತ್ತಿರ ಹೋಗಿ ನಿಂತ. ಸಾಹೇಬರು ಹಸಿರು ಗಾಜು ಕೂರಿಸಿದ ದೀಪವನ್ನು ಚಾಚಿದರು.

"ಇದಲ್ಲ," ಎಂದ ಅಜ್ಜ. "ಕೆಂಪು ಗಾಜು ಎಲ್ಲಿಟ್ಟಿದೀರಿ?"

"ಅಜ್ಜಾ, ಅದು ಪ್ರೋಗ್ರಾಂನಲ್ಲಿಲ್ಲ..."

ಮಗಳು ಕಪಾಟಿನ ಬೀಗ ತೆಗೆದು ಕೆಂಪು ಗಾಜನ್ನು ತಂದಳು. ಅಪ್ಪ ಅದನ್ನು ಇಸಿದುಕೊಂಡ. ಹಸಿರು ಗಾಜು ಬಿಚ್ಚಿ, ಕೆಂಪನ್ನು ಕೂರಿಸಿ, ದೀಪ ಹಚ್ಚಿ ಕೊಕ್ಕೆಗೆ ತೂಗುಹಾಕಿದ. ಆಮೇಲೆ ಎರಡೂ ಕೈಗಳನ್ನು ಚಕ್ರದ ಮೇಲಿಟ್ಟು ಸುಮ್ಮನೆ ನಿಂತ.

ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ಉಳಿದವು. ಒಂದು ನಿಮಿಷ ಆಯಿತು. ಎರಡಾಯಿತು. "ಅಜ್ಜಾ, ತಿರುಗಿಸಿ," ಎಂದು ಸಾಹೇಬರು ಪಿಸುಗುಟ್ಟಿದರು.

"ಇನ್ನೂ ಹೊತ್ತಾಗಿಲ್ಲ."

ಸಾಹೇಬರು ಮಗಳ ಕಡೆ ಕೈ ತಿರುಗಿಸಿದರು. "ಏನ್ರೀ ಇದು? ಎಷ್ಟು ಹೊತ್ತು?"

ಅವಳಿಗೆ ಗೊತ್ತಿರಲಿಲ್ಲ. ಉತ್ತರ ಮುಂದಿನ ಸಾಲಿನಿಂದ ಬಂತು.

"ಅವತ್ತು ಕೆಂಪಿದ್ದದ್ದು ನಲವತ್ತು ನಿಮಿಷ," ಎಂದಳು ಇಸ್ತ್ರಿ ದೊಡ್ಡಮ್ಮ. "ನಮ್ಮನೆ ಗಡಿಯಾರದಲ್ಲಿ."

ಅವಳು ಎದ್ದು ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಜ್ಜನ ಹಿಂದೆ ಇಟ್ಟಳು. ಅವನು ಕೂರಲಿಲ್ಲ. ಸ್ವಲ್ಪ ಹೊತ್ತು ನೋಡಿ, ಅದರ ಮೇಲೆ ತಾನೇ ಕೂತಳು. ಯಾರೂ ಹಜಾರ ಬಿಟ್ಟು ಹೋಗಲಿಲ್ಲ. "ಮಿಸ್, ಓಟ ಇಲ್ವಾ?" ಎಂದು ಗೋಡೆಯ ಬಳಿಯಿಂದ ಒಂದು ಮಗು ಕೇಳಿತು. ಮಗಳು ಇಲ್ಲವೆಂದು ತಲೆಯಾಡಿಸಿ ಅಪ್ಪನ ಪಕ್ಕಕ್ಕೆ ಹೋಗಿ ನಿಂತಳು. ಬೆಳಿಗ್ಗೆ ದೊಡ್ಡಮ್ಮ ತಿಕ್ಕಿ ಕಳಿಸಿದ ಬಿಳಿ ಅಂಗಿಯ ತೋಳಿನ ಮೇಲೆ, ಆ ನೇರವಾದ ಇಸ್ತ್ರಿಯ ಗೆರೆಯ ಮೇಲೆ, ಕೆಂಪು ಬೆಳಕು ಬಿದ್ದಿತ್ತು.